ಗೊಬ್ಬರದ ರಾಶಿಯ ಪಕ್ಕ ಗಣಿತದ ಪಾಠ

"ಐವತ್ತೆರಡು!" ಅಂತ ಹುಡುಗಿ ಕೂಗಿದಳು. ಒಂಬತ್ತು ವರ್ಷವಿರಬಹುದು. ಗೊಬ್ಬರದ ರಾಶಿಗೆ ಮೊಳದುದ್ದದ ಉಷ್ಣಮಾಪಕ ಚುಚ್ಚಿ ನಿಂತಿದ್ದಳು, ಬರಿಗಾಲಲ್ಲಿ. ನ್ಯೂಜಿಲೆಂಡಿನ ಮಕ್ಕಳು ಶಾಲೆಯಲ್ಲಿ ಚಪ್ಪಲಿ ಕಳಚಿ ಓಡಾಡುವುದು ಬಡತನಕ್ಕಲ್ಲ, ಅದು ಅಲ್ಲಿನ ರೂಢಿ. ಮೇ ತಿಂಗಳ ಚಳಿಗೂ ಜಗ್ಗುವುದಿಲ್ಲ. ಪಕ್ಕದ ಹುಡುಗ ರಟ್ಟಿನ ಮೇಲೆ ಚುಕ್ಕಿ ಇಟ್ಟು ಹಿಂದಿನ ಚುಕ್ಕಿಗಳಿಗೆ ಗೆರೆ ಎಳೆದ: 41, 47, 52. "ನಾಳೆ ಎಷ್ಟಾಗಬಹುದು?" ಶಿಕ್ಷಕಿ ಕೇಳಿದರು. ಒಬ್ಬ ಅರವತ್ತು ಅಂದ. ಇನ್ನೊಬ್ಬಳು ಸ್ವಲ್ಪ ಯೋಚಿಸಿ, ಇವತ್ತು ಹಸಿ ಹುಲ್ಲು ಹಾಕದಿದ್ದರೆ ಇಳಿಯುತ್ತದೆ ಅಂದಳು. ಶಿಕ್ಷಕಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನಾಳೆ ನೋಡೋಣ ಅಂದು ಮುಂದಕ್ಕೆ ಹೋದರು.

ಇದು ಹ್ಯಾಮಿಲ್ಟನ್ ನಗರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಹಿತ್ತಿಲು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಭಾಷೆಯಲ್ಲಿ ಊರಿನ ಹೆಸರು ಕಿರಿಕಿರಿರೋವ. ಆಕ್ಲೆಂಡಿನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯ ದಾರಿ. ದೇಶದ ಅತಿ ಉದ್ದದ ನದಿ ವೈಕಾಟೊ ಊರಿನ ಮಧ್ಯದಲ್ಲೇ ಹರಿಯುತ್ತದೆ. ಸುತ್ತ ಹಾಲಿನ ಹಸುಗಳ ಸೀಮೆ. ಪರಿಸರ ಶಿಕ್ಷಣ ನೋಡಲು ಹೋದವನು ಇಲ್ಲಿಗೇ ಯಾಕೆ ಬಂದೆನೆಂದರೆ, ಆ ದೇಶದಲ್ಲಿ ಎನ್ವಿರೋಸ್ಕೂಲ್ಸ್ ಅನ್ನುವ ಕಾರ್ಯಕ್ರಮ ಹುಟ್ಟಿದ್ದು ಇಲ್ಲಿ. 1990ರ ದಶಕದಲ್ಲಿ ಹ್ಯಾಮಿಲ್ಟನ್ ನಗರ ಕೌನ್ಸಿಲ್ ಕೆಲವು ಶಾಲೆಗಳಲ್ಲಿ ಪ್ರಯೋಗವಾಗಿ ಶುರು ಮಾಡಿದ್ದು ಇವತ್ತು ಶಾಲೆ, ಶಿಶುವಿಹಾರ ಸೇರಿ ಸಾವಿರಕ್ಕೂ ಮೀರಿದ ಕಡೆ ಹಬ್ಬಿದೆ. ನಡೆಸುವುದು ಟೊಯಿಮಾಟಾ ಫೌಂಡೇಶನ್. ಅದರ ನೆಲೆಯೂ ಇದೇ ಊರು.

ಆದರೆ ಗೊಬ್ಬರದ ಪಕ್ಕ ನಾನು ನೋಡಿದ್ದು ಪರಿಸರದ ಪಿರಿಯಡ್ ಅಲ್ಲ, ಗಣಿತದ್ದು. ಅದಕ್ಕೊಂದು ಲೆಕ್ಕಾಚಾರವಿದೆ. 2024ರ ಮೊದಲ ಶಾಲಾ ಅವಧಿಯಿಂದ (ಟರ್ಮ್) ಅಲ್ಲಿನ ಸರ್ಕಾರ ಶಾಲೆಯ ಎಂಟನೇ ವರ್ಷದವರೆಗಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ ಓದು, ಒಂದು ಗಂಟೆ ಬರಹ, ಒಂದು ಗಂಟೆ ಗಣಿತ ಕಡ್ಡಾಯ ಮಾಡಿದೆ. ಶಾಲೆ ಒಂಬತ್ತಕ್ಕೆ ಶುರುವಾಗಿ ಮೂರಕ್ಕೆ ಮುಗಿಯುತ್ತದೆ. ನಡುವೆ ತಿಂಡಿ, ಊಟ. ಇವನ್ನೆಲ್ಲ ಕಳೆದರೆ ವಿಜ್ಞಾನ, ಸಮಾಜ, ಆಟ, ಚಿತ್ರ, ಹಾಡು, ಪರಿಸರ ಎಲ್ಲಕ್ಕೂ ಸೇರಿ ಉಳಿಯುವುದು ಎರಡು ಗಂಟೆಗಿಂತ ಕಡಿಮೆ. ಹಾಗಾಗಿ ಗೊಬ್ಬರದ ಬಿಸಿ ಗಣಿತಕ್ಕೆ ಹೋಯಿತು. ಮಕ್ಕಳು ಹುಡುಕುವ ಇಲಿಯ ಹೆಜ್ಜೆಗುರುತಿನ ವರದಿ ಬರಹಕ್ಕೆ ಹೋಯಿತು. "ಪರಿಸರಕ್ಕೆ ಸಮಯ ಕೊಡಿ ಅಂತ ಕೇಳುವುದನ್ನು ನಾನು ಬಿಟ್ಟೆ. ಇರುವ ಸಮಯದೊಳಗೇ ನುಸುಳುತ್ತೇನೆ," ಅಂದರು ಆ ಶಿಕ್ಷಕಿ. ಇಂಥವರನ್ನು ಅಲ್ಲಿ ಲೀಡ್ ಟೀಚರ್ ಅನ್ನುತ್ತಾರೆ. ಶಾಲೆಯಲ್ಲಿ ಪರಿಸರದ ಕೆಲಸಕ್ಕೆ ಮುಂದೆ ನಿಲ್ಲುವವರು. ಮುಂದೆ ನಿಲ್ಲುವುದೆಂದರೆ ಎಷ್ಟೋ ಸಲ ಒಬ್ಬರೇ ನಿಲ್ಲುವುದು. ನನ್ನ ಕುತೂಹಲ ಇದ್ದದ್ದು ಅಲ್ಲೇ: ಅವರಿಗೆ ಬೆನ್ನಿಗೆ ಯಾರು?

ಹಿತ್ತಿಲನ್ನು ಮೊದಲು ಸುತ್ತಿಬಿಡೋಣ. ಗೊಬ್ಬರಕ್ಕೆ ಮೂರು ಮರದ ಗೂಡುಗಳು: ಒಂದರಲ್ಲಿ ತುಂಬುವುದು, ಇನ್ನೊಂದರಲ್ಲಿ ಬೇಯುವುದು, ಮೂರನೆಯದರಲ್ಲಿ ಹಣ್ಣಾದದ್ದು. ಅದರಾಚೆ ಎರೆಹುಳದ ಪೆಟ್ಟಿಗೆ, ಮುಚ್ಚಳದ ಮೇಲೆ ಮಕ್ಕಳ ಕೈಬರಹದಲ್ಲಿ "ಈರುಳ್ಳಿ ಬೇಡ, ನಿಂಬೆ ಬೇಡ, ಮಾಂಸ ಬೇಡ." ಫೀಜೋವ ಮರದ ಕೆಳಗೆ ಹಣ್ಣು ಸುರಿದು ಬಿದ್ದಿತ್ತು. ನಮ್ಮ ಸೀಬೆಯ ಕುಟುಂಬದ್ದೇ, ಹಸಿರು ಮೊಟ್ಟೆಯಂತೆ ಕಾಣುವ ಪರಿಮಳದ ಹಣ್ಣು. ಏಪ್ರಿಲ್, ಮೇಯಲ್ಲಿ ಆ ಊರಲ್ಲಿ ಯಾರ ಮನೆಗೆ ಹೋದರೂ ಒಂದು ಚೀಲ ಫೀಜೋವ ಕೊಟ್ಟೇ ಕಳಿಸುತ್ತಾರೆ. ನನ್ನ ಕೈಗೂ ಒಂದು ಚೀಲ ಬಂತು.

ಬೇಲಿಯ ಪಕ್ಕ ಹಾರಕೆಕೆ ಗಿಡದ ಸಾಲು. ಕತ್ತಾಳೆಯ ಹಾಗೆ ನೆಟ್ಟಗೆ ನಿಲ್ಲುವ ಉದ್ದ ಎಲೆ, ಬಲವಾದ ನಾರು. ಮಾವೊರಿಗಳು ಬುಟ್ಟಿ, ಚಾಪೆ, ಹಗ್ಗಕ್ಕೆಲ್ಲ ಬಳಸುತ್ತ ಬಂದದ್ದು. ಬುಟ್ಟಿ ಹೆಣೆಯಲು ಎಲೆ ಕೊಯ್ಯುವ ಪಾಠ ನಡೆಯುತ್ತಿತ್ತು. ನಡುವಿನ ಸುಳಿ ಮಗು, ಅದರ ಎರಡು ಪಕ್ಕದ ಎಲೆಗಳು ತಂದೆ ತಾಯಿ. ಈ ಮೂರನ್ನು ಮುಟ್ಟುವ ಹಾಗಿಲ್ಲ. ಹೊರಗಿನ ಹಳೆಯ ಎಲೆಗಳನ್ನು ಮಾತ್ರ, ನೀರು ಸುಳಿಗೆ ಇಳಿಯದಂತೆ ಓರೆಯಾಗಿ ಕೊಯ್ಯಬೇಕು. ಹೇಳಿಕೊಡುತ್ತಿದ್ದುದು ಶಿಕ್ಷಕಿಯಲ್ಲ, ಒಬ್ಬ ವಿದ್ಯಾರ್ಥಿಯ ಅಜ್ಜಿ. ಎನ್ವಿರೋಸ್ಕೂಲ್ಸ್ ಹೇಳಿಕೊಳ್ಳುವ ಐದು ತತ್ವಗಳಲ್ಲಿ ಮಾವೊರಿ ದೃಷ್ಟಿಯೂ ಒಂದು. ಪಶ್ಚಿಮ ಕಡಲ ತಡಿಯ ರ್‍ಯಾಗ್ಲನ್ ಕಡೆಯ ತೆ ಮೌರಿ ತೌ ಅನ್ನುವ ಮಾವೊರಿ ಸಂಸ್ಥೆ ಈ ಕಾರ್ಯಕ್ರಮ ಕಟ್ಟುವುದರಲ್ಲಿ ಜೊತೆಗಿತ್ತು. ಗೋಡೆಯ ಮೇಲಿನ ಘೋಷಣೆಯಾಗಿ ಉಳಿಯಬಹುದಾಗಿದ್ದ ಆ ತತ್ವ ಇಲ್ಲಿ ಅಜ್ಜಿಯ ಕೈಯ ಚಾಕುವಿನಲ್ಲಿತ್ತು. ಶಿಕ್ಷಕಿ ಮಕ್ಕಳ ಜೊತೆ ನೆಲದ ಮೇಲೆ ಕೂತು ತಾನೂ ಕಲಿಯುತ್ತಿದ್ದರು.

ಬೇಲಿಯಾಚೆ ಸಣ್ಣ ಹಳ್ಳ. ಹ್ಯಾಮಿಲ್ಟನ್ನಿನ ತುಂಬ ಇಂಥ ಕೊರಕಲುಗಳಿವೆ. ಎಲ್ಲವೂ ಕೊನೆಗೆ ವೈಕಾಟೊ ಸೇರುತ್ತವೆ. ಒಂದು ಕಾಲಕ್ಕೆ ಹಿತ್ತಿಲ ಕಸ ಎಸೆಯುವ ಜಾಗವಾಗಿದ್ದವು. ಹಳ್ಳದ ದಂಡೆಯಲ್ಲಿ ಮಕ್ಕಳು ಪ್ಲಾಸ್ಟಿಕ್ ಸುರಂಗ ಇಟ್ಟಿದ್ದರು: ಒಳಗೆ ಶಾಯಿ ಬಳಿದ ರಟ್ಟು, ಮಧ್ಯಕ್ಕೆ ಕಡಲೆಕಾಯಿ ಬೆಣ್ಣೆ. ತಿನ್ನಲು ಬಂದ ಪ್ರಾಣಿ ಶಾಯಿ ತುಳಿದು ಹೋಗುವಾಗ ರುಜು ಹಾಕಿ ಹೋಗುತ್ತದೆ. ಇಲಿಯದ್ದು, ಮುಳ್ಳುಮೈಯ ಹೆಡ್ಜ್‌ಹಾಗ್‌ನದ್ದು, ವೆಟಾ ಅನ್ನುವ ಮಿಡತೆಯಂಥ ದೊಡ್ಡ ಕೀಟದ್ದು ಎಲ್ಲ ಬೇರೆ ಬೇರೆ. ಒಬ್ಬ ಹುಡುಗ ರಟ್ಟು ಎತ್ತಿ, ಇದು ಇಲಿ, ನಾಳೆ ಬೋನು ಇಡುತ್ತೇವೆ ಅಂದ. ಹಿಡಿದು ಏನು ಮಾಡುತ್ತೀರಿ ಅಂದೆ. ಪ್ರಶ್ನೆಯೇ ವಿಚಿತ್ರ ಅನ್ನುವಂತೆ ನನ್ನ ಮುಖ ನೋಡಿದ. "ಬೋನೇ ಕೊಲ್ಲುತ್ತೆ."

ಬಸವಣ್ಣ, ಮಹಾವೀರರ ನೆಲದಿಂದ ಹೋದವನಿಗೆ ಇದು ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಎಂಟು ವರ್ಷದ ಮಗುವಿನ ಕೈಗೆ ಕೊಲ್ಲುವ ಪೆಟ್ಟಿಗೆ ಕೊಟ್ಟು ಪರಿಸರ ಪ್ರೀತಿ ಅನ್ನುವುದೇ? ಅಲ್ಲಿನವರ ವಾದ ಗೊತ್ತಿತ್ತು. ಬಾವಲಿಗಳನ್ನು ಬಿಟ್ಟರೆ ಆ ನಾಡಿಗೆ ಸ್ವಂತ ನೆಲದ ಸಸ್ತನಿಗಳೇ ಇರಲಿಲ್ಲ. ಹಕ್ಕಿಗಳು ಹೆದರಿಕೆಯಿಲ್ಲದೆ ನೆಲದ ಮೇಲೇ ಗೂಡು ಕಟ್ಟಿ, ಕೆಲವು ಹಾರುವುದನ್ನೇ ಬಿಟ್ಟವು. ಆಮೇಲೆ ಹಡಗುಗಳ ಜೊತೆ ಇಲಿ ಬಂತು. 1837ರಲ್ಲಿ ತುಪ್ಪಳಕ್ಕೆಂದು ಆಸ್ಟ್ರೇಲಿಯದಿಂದ ಪಾಸಮ್ ಅನ್ನುವ ಮರವೇರುವ ಪ್ರಾಣಿಯನ್ನು ತಂದರು. ಮೊಲ ಹೆಚ್ಚಾಯಿತೆಂದು 1880ರ ದಶಕದಲ್ಲಿ ಮುಂಗುಸಿಯಂಥ ಬೇಟೆಗಾರ ಸ್ಟೋಟ್ ತಂದು ಬಿಟ್ಟರು. ಮೊಟ್ಟೆ ಮರಿಗಳೆಲ್ಲ ಇವುಗಳ ಪಾಲಾದವು. 2050ರೊಳಗೆ ಇಲಿ, ಸ್ಟೋಟ್, ಪಾಸಮ್‌ಗಳನ್ನು ದೇಶದಿಂದಲೇ ಅಳಿಸುವ ಗುರಿಯನ್ನು ಅಲ್ಲಿನ ಸರ್ಕಾರ 2016ರಲ್ಲಿ ಘೋಷಿಸಿತು. ವಾದ ಸರಿಯೇ. ಆದರೂ ಶಿಕ್ಷಕಿ ಈ ವಾದದ ಹಿಂದೆ ಬಚ್ಚಿಟ್ಟುಕೊಳ್ಳಲಿಲ್ಲ ಅನ್ನುವುದು ನನಗೆ ಹಿಡಿಸಿತು. ಬೋನು ಇಡುವ ಮೊದಲು ತರಗತಿಯಲ್ಲಿ ಮೂರು ದಿನ ಚರ್ಚೆಯಾಗಿತ್ತಂತೆ. ಬೇಡ ಅಂದ ಮಕ್ಕಳಿಗೆ ಬೋನಿನ ಕೆಲಸವಿಲ್ಲ, ಹೆಜ್ಜೆಗುರುತು ಓದುವ ಕೆಲಸ. ಸತ್ತ ಇಲಿ ನೋಡಿ ಯಾರಾದರೂ ನಕ್ಕರೆ ಅವತ್ತಿಗೆ ಬೋನು ಬಂದ್. ಇಂಥ ಪಾಠಕ್ಕೆ ಮೇಷ್ಟರಿಗೆ ಕೈಪಿಡಿ ಸಾಲದು, ಧೈರ್ಯ ಬೇಕು. ಹಿಂದೆ ಯಾರಾದರೂ ಇದ್ದಾರೆ ಅನ್ನಿಸಿದರೆ ಮಾತ್ರ ಬರುವ ಧೈರ್ಯ.

ಆ "ಯಾರಾದರೂ" ಹನ್ನೊಂದೂವರೆಗೆ ಬಂದರು. ಕೈಯಲ್ಲಿ ಬ್ಯಾನರ್ ಇಲ್ಲ, ಕಾರಿನ ಡಿಕ್ಕಿಯಲ್ಲಿ ಸಸಿ ಇಲ್ಲ. ಅವರನ್ನು ಫೆಸಿಲಿಟೇಟರ್ ಅನ್ನುತ್ತಾರೆ. ಸಂಬಳ ಕೊಡುವುದು ಬಹುಮಟ್ಟಿಗೆ ಸ್ಥಳೀಯ ಕೌನ್ಸಿಲ್‌ಗಳು, ಜನರ ತೆರಿಗೆಯಿಂದ. ಶಿಕ್ಷಣ ಇಲಾಖೆಯ ತನಿಖಾಧಿಕಾರಿಯಲ್ಲ, ಗಿಡ ಕೊಟ್ಟು ಫೋಟೊ ತೆಗೆಸಿಕೊಳ್ಳುವ ದಾನಿಯೂ ಅಲ್ಲ. ಒಬ್ಬರಿಗೆ ಹತ್ತಾರು ಶಾಲೆ. ಸ್ಟಾಫ್‌ರೂಮಿನಲ್ಲಿ ಚಹಾದ ಮುಂದೆ ಕೂತು ಇವರು ಮಾಡಿದ್ದು ಹೆಚ್ಚಾಗಿ ಕೇಳುವುದು. ಮಕ್ಕಳು ಏನು ನಿರ್ಧರಿಸಿದರು? ಪ್ರಿನ್ಸಿಪಾಲರು ಏನಂದರು? ಪೋಷಕರ ಪೈಕಿ ಬಡಗಿ ಯಾರಾದರೂ ಇದ್ದಾರಾ? ಹಳ್ಳದ ನೀರಿನ ಪರೀಕ್ಷೆಗೆ ಸಾಧನ ಬೇಕು ಅಂದಾಗ ನಾನು ತರುತ್ತೇನೆ ಅನ್ನಲಿಲ್ಲ. ಅದನ್ನು ಇಟ್ಟುಕೊಂಡಿರುವ ಪಕ್ಕದ ಶಾಲೆಯ ಶಿಕ್ಷಕಿಯ ಫೋನ್ ನಂಬರ್ ಬರೆದುಕೊಟ್ಟರು. ಅವಧಿಗೊಮ್ಮೆ ಆ ಭಾಗದ ಲೀಡ್ ಟೀಚರ್‌ಗಳೆಲ್ಲ ಯಾವುದಾದರೂ ಒಂದು ಶಾಲೆಯಲ್ಲಿ ಸೇರುತ್ತಾರೆ. ಆತಿಥ್ಯ ವಹಿಸಿದ ಶಾಲೆಯ ಮಕ್ಕಳೇ ಅವರಿಗೆ ತೋಟ ತೋರಿಸುತ್ತಾರೆ, ಕೆಟ್ಟುಹೋದದ್ದನ್ನೂ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಲಿಕೆಯ ಕಾರ್ಡು ಬರೆದು ನಲಿ-ಕಲಿ ಪದ್ಧತಿ ಕಟ್ಟಿದಾಗ ನಡೆದದ್ದೂ ಇದೇ. ಶಿಕ್ಷಕ ಶಿಕ್ಷಕನಿಂದ ಕಲಿತ. ಅದು ಸುತ್ತೋಲೆಯಾಗಿ ರಾಜ್ಯಕ್ಕೆಲ್ಲ ಇಳಿದ ಮೇಲೆ ಕಾರ್ಡು ಎಲ್ಲ ಕಡೆ ತಲುಪಿತು, ಕಾರ್ಡು ಬರೆದವರ ಉಮೇದು ತಲುಪಲಿಲ್ಲ ಅನ್ನುವುದು ನನ್ನ ಅನಿಸಿಕೆ. ನಮ್ಮ ಇಕೋ ಕ್ಲಬ್ಬುಗಳ ಕಥೆಯನ್ನು ಬೇರೆ ಹೇಳಬೇಕಿಲ್ಲ. ದಾಖಲೆ ಪುಸ್ತಕ ಇದೆ, ಅನುದಾನ ಬರುತ್ತದೆ, ಜೂನ್ 5ಕ್ಕೆ ಗಿಡ ನೆಡುವ ಚಿತ್ರ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ. ಎರಡೇ ಮೇಷ್ಟರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಬಿಸಿಯೂಟದ ಲೆಕ್ಕಕ್ಕೆ, ಇನ್ನೊಬ್ಬರು ಮತದಾರರ ಪಟ್ಟಿಗೆ ಹೋದರೆ ಗಿಡಕ್ಕೆ ನೀರು ಹಾಕುವವರು ಯಾರು?

ಅಲ್ಲಿಯೂ ಗಂಟು ಇದೇ: ಬಿಡುವು. ನ್ಯೂಜಿಲೆಂಡಿನ ಪ್ರಾಥಮಿಕ ಶಿಕ್ಷಕರಿಗೆ ತರಗತಿಯಿಂದ ಬಿಡುಗಡೆಯ ಸಮಯ ಒಂದು ಅವಧಿಗೆ ಹತ್ತೇ ಗಂಟೆ ಇತ್ತು, ಅಂದರೆ ವಾರಕ್ಕೆ ಒಂದು ಗಂಟೆ. 2023ರಲ್ಲಿ ಮುಷ್ಕರವಾದ ಮೇಲೆ ಆದ ಒಪ್ಪಂದದಲ್ಲಿ ಅದನ್ನು ಹಂತಹಂತವಾಗಿ 25 ಗಂಟೆಗೆ ಏರಿಸಲು ಒಪ್ಪಿದರು. ಪಾಠ ತಯಾರಿ, ಮಕ್ಕಳ ಪ್ರಗತಿಯ ಟಿಪ್ಪಣಿ, ಪೋಷಕರ ಇಮೇಲು ಎಲ್ಲ ಅದರೊಳಗೇ ಆಗಬೇಕು. ಪರಿಸರಕ್ಕೆಂದು ಒಂದು ದಿನ ಹೊರಗೆ ಹೋಗಬೇಕಾದರೆ ಆ ದಿನಕ್ಕೆ ಬದಲಿ ಶಿಕ್ಷಕರನ್ನು ಕರೆಸಬೇಕು. ಅವರ ಕೂಲಿ ಯಾರು ಕೊಡುವುದು ಅನ್ನುವಲ್ಲಿ ಎಷ್ಟೋ ಒಳ್ಳೆಯ ಯೋಜನೆಗಳು ನಿಂತುಹೋಗುತ್ತವೆ. ಈ ಶಾಲೆಯ ಪ್ರಿನ್ಸಿಪಾಲರು ಆ ಹಣವನ್ನು ಬಜೆಟ್ಟಿನಲ್ಲೇ ಇಟ್ಟಿದ್ದಾರೆ. ಇಡಲು ಅವರಿಗೆ ಸಾಧ್ಯವಾಗಿದ್ದು 1989ರ ಸುಧಾರಣೆಯಿಂದ. ಅಂದಿನಿಂದ ಅಲ್ಲಿ ಒಂದೊಂದು ಶಾಲೆಗೂ ಪೋಷಕರು ಚುನಾಯಿಸಿದ ಆಡಳಿತ ಮಂಡಳಿ ಇದೆ, ಖರ್ಚಿನ ತೀರ್ಮಾನ ಬಹಳಷ್ಟು ಅದರ ಕೈಯಲ್ಲಿದೆ. ನಮ್ಮಲ್ಲೂ 2001ರಿಂದ ಶಾಲಾಭಿವೃದ್ಧಿ ಸಮಿತಿಗಳಿವೆ. ಸಹಿ ಮಾಡುವ ಅಧಿಕಾರಕ್ಕೂ ತೀರ್ಮಾನಿಸುವ ಅಧಿಕಾರಕ್ಕೂ ಎಷ್ಟು ದೂರ ಅನ್ನುವುದು ಸದಸ್ಯರಾದವರಿಗೆ ಗೊತ್ತು.

ತೋಟದ ಮೂಲೆಯಲ್ಲಿ ಸಿಕ್ಕ ಕೇರ್‌ಟೇಕರ್ ಈ ಕಥೆಯ ಇನ್ನೊಂದು ಮಗ್ಗುಲು ಹೇಳಿದ. ಹಿಂದೆ ಇದೇ ಶಾಲೆಯಲ್ಲಿ ಒಬ್ಬ ಮೇಷ್ಟರು ಭಾರಿ ತೋಟ ಮಾಡಿದ್ದರು. ಅವರು ಬೇರೆ ಊರಿಗೆ ಹೋದರು. ಮುಂದಿನ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಕಿಕುಯು ಹುಲ್ಲು ಪಾತಿಗಳನ್ನೆಲ್ಲ ನುಂಗಿತ್ತು. ಹುಲ್ಲಿನೊಳಗೆ ಸಸಿ ಇದೆಯೆಂದು ತಿಳಿಯದೆ ಇವನು ಮೇಲೆ ಮೋವರ್ ಓಡಿಸಿದ. ಈಗ ಹಾಗಿಲ್ಲ. ದೊಡ್ಡ ಮಕ್ಕಳ ಕಡೆಯಿಂದ ಒಬ್ಬ ಶಿಕ್ಷಕರು, ಚಿಕ್ಕ ಮಕ್ಕಳ ಕಡೆಯಿಂದ ಒಬ್ಬರು, ಆಫೀಸಿನ ಗುಮಾಸ್ತೆ, ಕೇರ್‌ಟೇಕರ್, ಐದನೇ ವರ್ಷದ ಮೂವರು ಮಕ್ಕಳು ಸೇರಿ ತಂಡವಾಗಿದೆ. ಏನೇ ನೆಟ್ಟರೂ ಮೊದಲು ಇವನಿಗೆ ಹೇಳುತ್ತಾರೆ. ಸಸಿಯ ಪಕ್ಕ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟುವ ನಿಯಮ ಮಾಡಿದ್ದು ಇವನೇ.

ಎನ್ವಿರೋಸ್ಕೂಲ್ಸ್‌ನಲ್ಲಿ ಕಂಚು, ಬೆಳ್ಳಿ, ಹಸಿರು-ಚಿನ್ನ ಅನ್ನುವ ಮೆಟ್ಟಿಲುಗಳಿವೆ. ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಮಿತ್ರ ಶಾಲೆ ಪ್ರಶಸ್ತಿಯ ಥರ ಇರಬೇಕು ಅಂದುಕೊಂಡಿದ್ದೆ. ಇಲ್ಲಿ ಶಾಲೆಗಳ ನಡುವೆ ಸ್ಪರ್ಧೆಯಿಲ್ಲ. ಮೆಟ್ಟಿಲು ಹತ್ತಿದೆವು ಅನ್ನಿಸಿದಾಗ ಶಾಲೆಯೇ ತನ್ನ ಕಥೆ ಬರೆದು, ಮಕ್ಕಳು, ಶಿಕ್ಷಕರು, ಊರವರು, ಫೆಸಿಲಿಟೇಟರ್ ಎಲ್ಲ ಕೂತು ಮಾತಾಡಿ ನಿರ್ಧರಿಸುತ್ತಾರೆ. ತಮಗೆ ತಾವೇ ಅಂಕ ಕೊಟ್ಟುಕೊಂಡರೆ ಸಡಿಲವಾಗುವುದಿಲ್ಲವೇ ಅನ್ನುವ ಅನುಮಾನ ನನಗೆ ಈಗಲೂ ಇದೆ. ಪ್ರಶಸ್ತಿಗೆಂದು ಒಂದು ತಿಂಗಳು ಬಣ್ಣ ಬಳಿದು ಆಮೇಲೆ ಬೀಗ ಹಾಕುವುದಕ್ಕಿಂತ ಇದು ವಾಸಿ ಎಂಬುದರಲ್ಲಿ ಅನುಮಾನವಿಲ್ಲ.

ಮಧ್ಯಾಹ್ನ ಒಂದು ತರಗತಿಯನ್ನು ಬಸ್ಸಿನಲ್ಲಿ ವೈಫಾಕರೆಕೆಗೆ ಕರೆದೊಯ್ದರು, ನಾನೂ ಹತ್ತಿದೆ. ಊರ ಅಂಚಿನಲ್ಲಿ, ಮೃಗಾಲಯದ ಎದುರು, ಒಂದು ಸಣ್ಣ ಕೆರೆಯ ಸುತ್ತ ಅರವತ್ತೈದು ಹೆಕ್ಟೇರ್‌ನಷ್ಟು ಜಾಗ. ಹಿಂದೆ ದನ ಮೇಯುತ್ತಿದ್ದ ನೆಲ. ಹ್ಯಾಮಿಲ್ಟನ್ ಸುತ್ತಿನ ಸೀಮೆಯ ಮೂಲ ಕಾಡಿನಲ್ಲಿ ಉಳಿದಿರುವುದು ಶೇಕಡಾ ಎರಡಕ್ಕಿಂತ ಕಡಿಮೆ. ಅದನ್ನು ಬರಿಗೈಯಿಂದ ಮತ್ತೆ ಎಬ್ಬಿಸುವ ಹಟಕ್ಕೆ 2004ರಿಂದ ಇಲ್ಲಿ ನೆಡುತ್ತಿದ್ದಾರೆ. ವೈಕಾಟೊ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಬ್ರೂಸ್ ಕ್ಲಾರ್ಕ್‌ಸನ್ ಇದರ ಹಿಂದೆ ಇದ್ದವರಲ್ಲಿ ಪ್ರಮುಖರು. ಮೊದಲು ಬೇಗ ಬೆಳೆಯುವ ಮಾನುಕದಂಥ ಗಿಡಗಳು ನೆರಳು ಮಾಡಬೇಕು, ಆ ನೆರಳಿನಲ್ಲಿ ಕಹಿಕಾಟೆಯದಂಥ ದೊಡ್ಡ ಮರಗಳ ಸಸಿ ಇಳಿಯಬೇಕು. ಮೊದಲ ವರ್ಷಗಳ ನೆಡುತೋಪು ಈಗ ತಲೆಯೆತ್ತಿ ನೋಡಬೇಕಾದಷ್ಟು ಎತ್ತರ. ಅಲ್ಲಿ ನೆಟ್ಟ ಮಕ್ಕಳಲ್ಲಿ ಕೆಲವರು ಈಗ ತಾವೇ ಶಿಕ್ಷಕರಾಗುವ ವಯಸ್ಸಿನವರು.

ನಮ್ಮ ಪರಿಸರ ದಿನದ ಹಾಗೆ, ಅಲ್ಲಿನ ಗಿಡ ನೆಡುವ ದಿನ ಆರ್ಬರ್ ಡೇ ಕೂಡ ಜೂನ್ 5ರಂದೇ. ನಮಗೆ ಮುಂಗಾರು, ಅವರಿಗೆ ಚಳಿಗಾಲದ ಮಳೆ. ನೆಡುವ ಹದ ಎರಡೂ ಕಡೆ ಒಂದೇ. ಆದರೆ ಅವತ್ತಿನ ಮಕ್ಕಳು ಬಂದಿದ್ದು ನೆಡಲಿಕ್ಕಲ್ಲ, ಕಳೆದ ವರ್ಷ ನೆಟ್ಟದ್ದರ ಸುತ್ತ ಕಳೆ ಕೀಳಲು. ಪುಕೆಕೊ ಅನ್ನುವ ಹಕ್ಕಿ, ನಮ್ಮ ಕೆರೆಗಳ ನೇರಳೆ ಜಂಬುಕೋಳಿಯ ಬಳಗ, ಎಳೆ ಸಸಿಯನ್ನು ಬುಡಸಮೇತ ಎಳೆದು ಪಕ್ಕಕ್ಕೆ ಮಲಗಿಸಿ ಹೋಗುತ್ತದೆ. ತಿನ್ನುವುದೂ ಇಲ್ಲ. ಹಾಗೆ ಬಿದ್ದ ಸಸಿಗಳನ್ನು ಎಣಿಸಿ ಬದುಕಿದ್ದೆಷ್ಟು, ಸತ್ತದ್ದೆಷ್ಟು ಅಂತ ಬರೆದುಕೊಳ್ಳುವುದೇ ಮಕ್ಕಳ ಕೆಲಸ. ಶೇಕಡಾವಾರು ಪಾಠ ಅಲ್ಲಿಯೇ ಮುಗಿಯಿತು. ನೆಟ್ಟದ್ದರ ಲೆಕ್ಕ ಬರೆಯುವ ರಿಜಿಸ್ಟರುಗಳನ್ನು ನಮ್ಮಲ್ಲಿ ಬೇಕಾದಷ್ಟು ನೋಡಿದ್ದೇನೆ. ಸತ್ತದ್ದರ ಲೆಕ್ಕಕ್ಕೆಂದೇ ಕಾಲಂ ಇರುವುದನ್ನು ಮೊದಲು ನೋಡಿದ್ದು ಇಲ್ಲಿ.

ಪಶ್ಚಿಮಕ್ಕೆ ಐವತ್ತು ಕಿಲೋಮೀಟರ್‌ಗಿಂತ ಕಡಿಮೆ ದೂರದಲ್ಲಿ ಕಡಲ ತಡಿಯ ರ್‍ಯಾಗ್ಲನ್. ಕಸಕ್ಕೆ ಹೆಸರಾದ ಊರು, ಒಳ್ಳೆಯ ಅರ್ಥದಲ್ಲಿ. ಊರಿನ ಕಸದ ಗುಂಡಿ ಮುಚ್ಚಿದ ಮೇಲೆ 2000ದಲ್ಲಿ ಊರವರೇ ಎಕ್ಸ್‌ಟ್ರೀಮ್ ಝೀರೋ ವೇಸ್ಟ್ ಕಟ್ಟಿಕೊಂಡರು. ಈಗ ಕಸದಲ್ಲಿ ಮುಕ್ಕಾಲು ಪಾಲಿನಷ್ಟು ಗುಂಡಿಗೆ ಹೋಗುವುದಿಲ್ಲ. ಶಾಲೆಗಳಿಗೆ ಇದು ತೆರೆದ ಪಾಠಶಾಲೆ. ಬಂದ ಮಕ್ಕಳಿಗೆ ಭಾಷಣವಿಲ್ಲ, ಬೇರ್ಪಡಿಸುವ ಸಾಲಿನ ಮುಂದೆ ನಿಲ್ಲಿಸಿದರೆ ಸಾಕು. ಇದೇ ಬಂದರಿನ ಸುತ್ತ 1995ರಿಂದ ಹಾರ್ಬರ್ ಕೇರ್ ತಂಡ ತೊರೆಗಳ ದಂಡೆಗೆ ದನ ಇಳಿಯದಂತೆ ಬೇಲಿ ಹಾಕಿಸಿ ಹತ್ತು ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟಿದೆ. ಹ್ಯಾಮಿಲ್ಟನ್ನಿನ ಆ ಶಿಕ್ಷಕಿಗೆ ಊಟದ ಡಬ್ಬಿಯ ಕಸ ತೂಗುವ ಪಾಠ ಹೊಳೆದದ್ದು ರ್‍ಯಾಗ್ಲನ್‌ಗೆ ಬಂದು ಹೋದ ಮೇಲೆ. ಮಕ್ಕಳು ಒಂದು ವಾರ ಪ್ಲಾಸ್ಟಿಕ್ ಹೊದಿಕೆಗಳನ್ನೆಲ್ಲ ತೂಗಿ, ಸೊನ್ನೆಗೆ ಇಳಿಸುವ ಪಣ ತೊಟ್ಟರು. ಸೊನ್ನೆ ಆಗಲಿಲ್ಲ. ಮನೆಯಲ್ಲಿ ಅಮ್ಮ ಎರಡು ಪಾಳಿ ದುಡಿಯುವಾಗ ಪೊಟ್ಟಣದ ಬಿಸ್ಕತ್ತಿಗೆ ಬೈಯುವುದು ಸರಿಯೇ ಅನ್ನುವ ಪ್ರಶ್ನೆ ಒಬ್ಬ ಹುಡುಗಿಯಿಂದ ಬಂತು. ಶಿಕ್ಷಕಿ ಆಮೇಲೆ ತೂಕದ ಪಟ್ಟಿಯಿಂದ ಮಕ್ಕಳ ಹೆಸರು ತೆಗೆದುಹಾಕಿದರು.

ಚಳಿಗಾಲದ ನಡುವೆ, ಬೆಳಗಿನ ಜಾವ ಮತಾರಿಕಿ ಮೂಡಿದಾಗ ಮಾವೊರಿಗಳ ಹೊಸ ವರ್ಷ. ನಮ್ಮ ಕೃತ್ತಿಕಾ ನಕ್ಷತ್ರವೇ ಅದು. 2022ರಿಂದ ದೇಶಕ್ಕೆಲ್ಲ ರಜೆ. ಆ ಗುಂಪಿನ ಒಂದೊಂದು ನಕ್ಷತ್ರಕ್ಕೂ ಒಂದೊಂದು ಪಾಲು: ನೆಲದೊಳಗೆ ಬೆಳೆಯುವ ಅನ್ನಕ್ಕೊಂದು, ಸಿಹಿನೀರಿಗೊಂದು, ಕಡಲಿಗೊಂದು. ಶಿಕ್ಷಕರು ವರ್ಷದ ಯೋಜನೆಯನ್ನು ಅದರ ಸುತ್ತ ಹೊಂದಿಸಿದ್ದರು: ಮತಾರಿಕಿಗೆ ಶಾಲೆಯ ಗಡ್ಡೆಗೆಣಸಿನ ಸಾರು, ಊರಿಗೆಲ್ಲ ಆಮಂತ್ರಣ. ಬಂದ ಪೋಷಕರ ಮುಂದೆ ತಂಡದ ಮುಂದಿನ ಕೆಲಸ ಇಡುವುದೂ ಅವತ್ತೇ, ಸಾರು ಕುಡಿಯುವಾಗ ಯಾರೂ ಬೇಡ ಅನ್ನುವುದಿಲ್ಲವಂತೆ.

ಮುಂದಿನ ಕೆಲಸ ಏನೆಂದರೆ ದುಡ್ಡು. ಕೇಂದ್ರದ ನೆರವು ಸರ್ಕಾರ ಬದಲಾದ ಹಾಗೆ ಏರಿಳಿಯುತ್ತದೆ. ಫೆಸಿಲಿಟೇಟರ್‌ರ ಸಂಬಳ ನಿಂತಿರುವುದು ಕೌನ್ಸಿಲ್‌ಗಳು ಮೂರು ವರ್ಷಕ್ಕೊಮ್ಮೆ ತಿದ್ದುವ ದೀರ್ಘಾವಧಿ ಯೋಜನೆಯ ಮೇಲೆ. 2024ರಲ್ಲಿ ಒಂದು ಆಯಿತು, ಮುಂದಿನದು 2027ರಲ್ಲಿ. ತೆರಿಗೆ ಏರುತ್ತಿದೆ ಅನ್ನುವ ಗೊಣಗಾಟ ಊರಲ್ಲಿ ಜೋರಾಗಿದೆ. ಕತ್ತರಿ ಮೊದಲು ಬೀಳುವುದು ಇಂಥ ಕಡೆಯೇ. ಕರಡು ಹೊರಬಂದಾಗ ಯಾರು ಬೇಕಾದರೂ ಅಹವಾಲು ಬರೆಯಬಹುದು, ಸಭೆಗೆ ಹೋಗಿ ಕೆಲವು ನಿಮಿಷ ಮಾತಾಡಬಹುದು, ವಯಸ್ಸಿನ ಮಿತಿ ಇಲ್ಲ. ಕೌನ್ಸಿಲರುಗಳ ಮುಂದೆ ನಿಲ್ಲಲು ಹೆಸರು ಕೊಟ್ಟವರಲ್ಲಿ ಮೊದಲಿನವಳು ಗೊಬ್ಬರದ ಬಿಸಿ ನೋಡುತ್ತಿದ್ದ ಆ ಹುಡುಗಿ. ಏನು ಹೇಳುತ್ತೀಯ ಅಂದೆ. ಗ್ರಾಫ್ ತೋರಿಸುತ್ತೇನೆ ಅಂದಳು.